ಜಾಲ್ ನಳವಾಲಾನ ಮೂಗು

ಬಾಗ್ ಎಂದು ಕರೆಯುವ ನಮ್ಮ ಪಾರ್ಸಿ ವಠಾರದ ಏಳು ಕಟ್ಟಡಗಳಲ್ಲಿ ಯಾರ ಮನೆಯಲ್ಲಿ ಗಟಾರದ ವಾಸನೆ ಬಂದರೂ ಜಾಲ್ ನಳವಾಲಾನಿಗೆ ಕರೆ ಹೋಗುತ್ತಿತ್ತು. ಅವನ ಮೂಗು ದೇವರು ಕೊಟ್ಟದ್ದು ಎನ್ನುತ್ತಿದ್ದರು. ಮೂವತ್ತೊಂದು ವರ್ಷ ಈ ಮಾತು ನಡೆಯಿತು. ಅದರಲ್ಲಿ ತಪ್ಪಿದ್ದದ್ದು ಒಂದೇ. ಆ ಮೂಗು ಜಾಲ್‌ನದಾಗಿರಲಿಲ್ಲ, ಅವನ ಹೆಂಡತಿ ಗುಲ್ಚೇರ್‌ಳದಾಗಿತ್ತು.

ಮನೆಯೊಳಗೆ ಗಟಾರದ ವಾಸನೆ ಬಂದಾಗ ಅದನ್ನೇ ಮೂಸುತ್ತ ಹೋದರೆ ಮೂಲ ಸಿಗುವುದು ಕಷ್ಟ. ವಾಸನೆ ಎಲ್ಲ ಕಡೆ ಹರಡಿರುತ್ತದೆ. ಮೂಗೂ ಐದು ನಿಮಿಷದಲ್ಲಿ ಅದಕ್ಕೆ ಒಗ್ಗಿ ಸುಮ್ಮನಾಗುತ್ತದೆ. ಅದಕ್ಕೆ ಹಳೆಯ ಪ್ಲಂಬರುಗಳದು ಒಂದು ಉಪಾಯವಿತ್ತು. ತಾರಸಿಯಲ್ಲಿ ಕೊಳವೆಯ ಬಾಯೊಳಗೆ ಸಣ್ಣ ಬಾಟಲಿ ಪೆಪ್ಪರ್‌ಮಿಂಟ್ ಎಣ್ಣೆ ಸುರಿದು, ಅದರ ಹಿಂದೆಯೇ ಒಂದು ಬಕೆಟ್ ಕುದಿಯುವ ನೀರು ಹೊಯ್ದು, ಬಾಯಿಗೆ ಒದ್ದೆ ಗೋಣಿಚೀಲ ತುರುಕಬೇಕು. ಎಣ್ಣೆಯ ಆವಿ ಕೊಳವೆಯ ಉದ್ದಕ್ಕೂ ತುಂಬಿಕೊಳ್ಳುತ್ತದೆ. ಕೊಳವೆ ಎಲ್ಲಿ ತೆರೆದಿದೆಯೋ ಅಲ್ಲಿ ಪೆಪ್ಪರ್‌ಮಿಂಟ್ ಹೊರಬರುತ್ತದೆ. ಅದು ಯಾವ ಮೂಗಿಗೂ ತಪ್ಪುವುದಿಲ್ಲ. ಆದರೆ ಎಣ್ಣೆ ಮುಟ್ಟಿದವನು ಕೆಲಸ ಮುಗಿಯುವ ತನಕ ಮನೆಯೊಳಗೆ ಬರಕೂಡದು. ಅವನ ಕೈಗೂ ಬಟ್ಟೆಗೂ ಹತ್ತಿದ ವಾಸನೆ ಪರೀಕ್ಷೆಯನ್ನೇ ಕೆಡಿಸುತ್ತದೆ. ಹಾಗಾಗಿ ಸುರಿಯುವವನು ಒಬ್ಬ, ಮೂಸುವವರು ಇನ್ನೊಬ್ಬರು.

ಸುರಿಯುವವನು ಜಾಲ್. ಸುರಿದು, ಬೀಡು ಕಬ್ಬಿಣದ ಕೊಳವೆಗೆ ಕಿವಿ ಕೊಟ್ಟು ತಾರಸಿಯಲ್ಲೇ ಕೂರುತ್ತಿದ್ದ. ಗುಲ್ಚೇರ್ ಕೆಳಗೆ ಮನೆಯೊಳಗೆ ಓಡಾಡಿ ಮೂಸಿ, ಅದೇ ಕೊಳವೆಗೆ ಸ್ಪ್ಯಾನರಿನಿಂದ ತಟ್ಟುತ್ತಿದ್ದಳು. ಒಂದು ತಟ್ಟು, ಏನೂ ಇಲ್ಲ. ಎರಡು, ಸಿಕ್ಕಿತು. ಮೂರು ಅಂದರೆ ಕಿಟಕಿ ತೆರೆದು ಗಾಳಿಯಾಡಿಸಿದ್ದೇನೆ, ಚಹಾ ಆಗಿದೆ, ಇಳಿದು ಬಾ. ಕಬ್ಬಿಣದಲ್ಲಿ ಸದ್ದು ನಾಲ್ಕು ಮಹಡಿಯೂ ಓಡುತ್ತದೆ. ಹಾಗಾಗಿ ಮೂರು ತಟ್ಟಿನ ಅರ್ಥ ಕಟ್ಟಡದ ಎಲ್ಲರಿಗೂ ಗೊತ್ತಿತ್ತು. ಅದನ್ನು ಕೇಳಿ ನಾನೂ ಎಷ್ಟೋ ಸಲ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟದ್ದುಂಟು. ನಮ್ಮೆಲ್ಲರ ಮನೆಯ ಚಹಾದಲ್ಲಿ ಪುದೀನ, ನಿಂಬೆಹುಲ್ಲು ಎರಡೂ ಬೀಳುತ್ತವೆ. ಗುಲ್ಚೇರ್ ಮಾತ್ರ ಬರೀ ನಿಂಬೆಹುಲ್ಲು ಹಾಕುತ್ತಿದ್ದಳು. ದಿನವಿಡೀ ಪೆಪ್ಪರ್‌ಮಿಂಟ್‌ನಲ್ಲಿ ನೆಂದವನಿಗೆ ಚಹಾದಲ್ಲಿ ಇನ್ನೆಂಥ ಪುದೀನ ಎನ್ನುತ್ತಿದ್ದಳು.

"ಹೆಸರು ನಿನ್ನ ಮೂಗಿಗೆ, ಗಟಾರ ನನ್ನ ಮೂಗಿಗೆ" ಎಂದು ಅವನನ್ನು ಚುಚ್ಚುವಳು.

"ಇಬ್ಬರೂ ಒಂದೇ ಮನೆಯವರಲ್ವಾ" ಎಂದು ಅವನು ನಗುವನು.

ಮನೆ ನಿಜಕ್ಕೂ ಅವಳದು. ಎರಡನೆಯ ಮಹಡಿಯ ಆ ಮನೆಯಲ್ಲಿ ಅವಳು ಹುಟ್ಟಿದ್ದು. ಜಾಲ್ ಮದುವೆಯಾಗಿ ಒಂದು ಟ್ರಂಕು, ಒಂದು ಪರಿಕರಗಳ ಚೀಲ ಹಿಡಿದು ಮನೆಅಳಿಯನಾಗಿ ಬಂದ. ಮಕ್ಕಳಾಗಲಿಲ್ಲ. ಎದುರು ಮನೆಯ ದೌಲತ್‌ಬಾಯಿ ಇಂದಿಗೂ ಕೋಪ ಬಂದರೆ ಅವನನ್ನು 'ಅಳಿಯ ಸಾಹೇಬ' ಎಂದೇ ಕರೆಯುತ್ತಾರೆ.

ನಮ್ಮ ವರ್ಷದ ಕೊನೆಯ ಹತ್ತು ದಿನ ಮುಕ್ತಾದ್. ತೀರಿಕೊಂಡವರು ಮನೆಗೆ ಬಂದು ನಮ್ಮ ಜೊತೆ ಇರುವ ದಿನಗಳು. ಒಬ್ಬೊಬ್ಬರ ಹೆಸರಿಗೆ ಒಂದೊಂದು ಬೆಳ್ಳಿ ಹೂದಾನಿ ಇಟ್ಟು, ದಿನವೂ ನೀರು ಬದಲಿಸಿ, ಗುಲಾಬಿ, ಸುಗಂಧರಾಜ ತುಂಬುತ್ತೇವೆ. ಅದಕ್ಕೆ ಮೊದಲು ಮನೆಯ ಮೂಲೆ ಮೂಲೆ ಉಜ್ಜಿ ತೊಳೆಯಬೇಕು. ಕೊಳಕಿದ್ದ ಕಡೆ ಅವರು ನಿಲ್ಲುವುದಿಲ್ಲ. ಪ್ರತಿ ವರ್ಷ ಆ ತೊಳೆಯುವ ಗಡಿಬಿಡಿಯಲ್ಲಿ ಗುಲ್ಚೇರ್ ಒಂದೇ ಮಾತು ಹೇಳುವಳು.

"ನೋಡು, ನಾನು ಮೊದಲು ಹೋದ್ರೆ, ಮುಕ್ತಾದಿಗೆ ಬಂದವಳು ಬಾಗಿಲಲ್ಲೇ ನಿಂತು ಮೂಸ್ತೀನಿ. ಒಂಚೂರು ಗಟಾರದ ವಾಸನೆ ಬಂತೋ, ಒಳಗೆ ಕಾಲಿಡಲ್ಲ. ಹಾಗೇ ವಾಪಸ್."

"ವಾಪಸ್ ಎಲ್ಲಿಗೆ ಹೋಗ್ತೀಯ? ಇದು ನಿಮ್ಮಪ್ಪನ ಮನೆ. ಹೋಗೋದಾದ್ರೆ ನಾನೇ ಹೋಗ್ಬೇಕು."

ಜನವರಿಯ ಎರಡನೆಯ ವಾರ, ನಾಲ್ಕು ದಿನದ ನ್ಯುಮೋನಿಯಾದಲ್ಲಿ, ಅವಳೇ ಮೊದಲು ಹೋದಳು.

ಆಮೇಲೆ ಜಾಲ್ ಪೆಪ್ಪರ್‌ಮಿಂಟ್ ಎಣ್ಣೆಯ ಬಾಟಲಿ ಮುಟ್ಟಲಿಲ್ಲ. ನಲ್ಲಿಯ ವಾಷರ್ ಬದಲಿಸುವುದು, ಫ್ಲಶ್ ರಿಪೇರಿ, ಇಂಥವು ಮಾಡುತ್ತಿದ್ದ. ವಾಸನೆ ಹುಡುಕಲು ಕರೆದರೆ ನೆಗಡಿ ಎನ್ನುತ್ತಿದ್ದ. ಏಳು ತಿಂಗಳು ನೆಗಡಿ. ಜನ ಬಲವಂತ ಮಾಡಲಿಲ್ಲ.

ಆಗಸ್ಟ್‌ನಲ್ಲಿ, ಮುಕ್ತಾದಿಗೆ ಹನ್ನೊಂದು ದಿನ ಇದ್ದಾಗ, ಒಂದು ಸೋಮವಾರ ದೌಲತ್‌ಬಾಯಿ ಅವನ ಬಾಗಿಲು ತಟ್ಟಿದರು. ಮೆಟ್ಟಿಲು ಹತ್ತುತ್ತಿದ್ದ ನಾನೂ ಅಲ್ಲೇ ನಿಂತೆ. ನನ್ನ ಮನೆ ಅವನ ಮನೆಯ ನೇರ ಕೆಳಗೆ.

"ಜಾಲ್, ಹೇಳಬಾರದು ಅಂತಿದ್ದೆ. ಪಾಪ, ಒಬ್ಬನೇ ಇದ್ದಾನೆ, ಗುಡಿಸೋದು ಸಾರಿಸೋದು ಬಿಟ್ಟಿರಬೇಕು ಅಂತ ಏಪ್ರಿಲ್‌ನಿಂದ ಬಾಯಿ ಮುಚ್ಕೊಂಡೆ. ಇನ್ನಾಗಲ್ಲ. ನಿನ್ನ ಮನೆ ಗಟಾರ ನಾರ್ತಾ ಇದೆ."

ಜಾಲ್ ನಕ್ಕ. "ನನ್ನ ಮನೇನಾ? ಒಳಗೆ ಬಂದು ನೋಡಿ ದೌಲತ್‌ಬಾಯಿ, ಫಿನೈಲ್ ಹಾಕಿ ತೊಳೆದಿದ್ದೀನಿ."

"ಫಿನೈಲೂ ನಾರುತ್ತೆ, ಗಟಾರಾನೂ ನಾರುತ್ತೆ. ನಿಂಗೆ ಗೊತ್ತಾಗಲ್ವಾ?"

ಜಾಲ್ ನನ್ನ ಕಡೆ ನೋಡಿದ. "ಪೇಸಿ, ಹೌದೇನೋ?"

ನಾನು ಒಳಗೆ ಹೋಗಿ ಉಸಿರೆಳೆದೆ. ಹೌದು ಎಂದೆ. ಸೌಮ್ಯವಾಗಿತ್ತು, ಆದರೆ ಗಟಾರವೇ.

ಅವನ ಮುಖ ಬಿಳಿಚಿಕೊಂಡಿತು. ದಿನವಿಡೀ ಅದರಲ್ಲೇ ಬದುಕುವ ಮೂಗಿಗೆ ಗೊತ್ತಾಗುವುದಿಲ್ಲ, ಅದರಲ್ಲಿ ಆಶ್ಚರ್ಯವಿಲ್ಲ. ಅವನು ಹೆದರಿದ್ದು ಬೇರೆಯದಕ್ಕೆ. ಅವನು ಕೇಳಿದ್ದೂ ಅದನ್ನೇ.

"ಮುಕ್ತಾದಿಗೆ ಹನ್ನೊಂದು ದಿನ ಅಲ್ವಾ?"

ದೌಲತ್‌ಬಾಯಿಗೂ ಗುಲ್ಚೇರ್‌ಳ ಆ ಮಾತು ನೆನಪಿತ್ತು. ಸೆರಗಿನಿಂದ ಮೂಗು ಒರೆಸಿಕೊಂಡು, "ಅವಳು ಹಠಮಾರಿ ಕಣೋ. ಹೇಳಿದ ಹಾಗೇ ಮಾಡ್ತಾಳೆ" ಎಂದರು.

ಅಂದು ಮಧ್ಯಾಹ್ನವೇ ಜಾಲ್ ಕೆಲಸ ಶುರುಮಾಡಿದ. ಬಚ್ಚಲು, ಸಂಡಾಸು, ಅಡುಗೆಮನೆಯ ತೊಟ್ಟಿ, ಎಲ್ಲದರ ಅಡಿಯಲ್ಲೂ ಬಾಗಿದ ಕೊಳವೆ ಇರುತ್ತದೆ. ಆ ಬಾಗಿನಲ್ಲಿ ಎರಡು ಬೆರಳು ನೀರು ಸದಾ ನಿಂತಿರುತ್ತದೆ. ಬೀದಿಯ ಗಟಾರದ ಗಾಳಿಗೂ ಮನೆಗೂ ನಡುವೆ ಇರುವ ಬಾಗಿಲು ಆ ನೀರೊಂದೇ. ಜಾಲ್ ಪ್ರತಿಯೊಂದರಲ್ಲೂ ಕಡ್ಡಿ ಇಳಿಸಿ ನೀರಿನ ಎತ್ತರ ಅಳೆದ. ಎಲ್ಲದರಲ್ಲೂ ಸರಿಯಾಗಿತ್ತು. ಬೆಸುಗೆಗಳ ಮೇಲೆ ಸಾಬೂನು ನೊರೆ ಹಚ್ಚಿದ, ಗುಳ್ಳೆ ಏಳಲಿಲ್ಲ. ಇಲಿ ಸತ್ತಿರಬಹುದೆಂದು ಕಪಾಟುಗಳನ್ನೆಲ್ಲ ಸರಿಸಿದ. ಗುಲ್ಚೇರ್‌ಳ ಕಳೆದುಹೋದ ಒಂದು ಚಪ್ಪಲಿ ಸಿಕ್ಕಿತು, ಇಲಿ ಸಿಗಲಿಲ್ಲ.

ಉಳಿದದ್ದು ಪೆಪ್ಪರ್‌ಮಿಂಟ್. ಅದಕ್ಕೆ ಇನ್ನೊಬ್ಬರು ಬೇಕು. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಅವನು ದೌಲತ್‌ಬಾಯಿಯ ಕೈಗೆ ಸ್ಪ್ಯಾನರ್ ಕೊಟ್ಟ. ಅದು ಗುಲ್ಚೇರ್‌ಳದೇ, ಹಿಡಿಗೆ ಹಸಿರು ಬಟ್ಟೆ ಸುತ್ತಿದ್ದು.

"ಎಲ್ಲ ಕಡೆ ಮೂಸಿ. ಆತುರ ಬೇಡ. ಇಲ್ಲ ಅಂದ್ರೆ ಒಂದು..."

"ಮೂವತ್ತು ವರ್ಷ ನಿಮ್ಮ ಟಕಟಕ ಕೇಳಿ ಕೇಳಿ ಕಿವಿ ತೂತಾಗಿದೆ. ನಂಗೇ ಪಾಠ ಹೇಳ್ತಾನೆ, ಅಳಿಯ ಸಾಹೇಬ. ಹೋಗು, ಹತ್ತು ಮೇಲೆ."

ನಾನು ಜಾಲ್ ಜೊತೆ ಹೋದೆ. ಮಳೆ ಬಿಟ್ಟಿತ್ತು. ಅವನು ಎಣ್ಣೆ ಸುರಿದು, ನೀರು ಹೊಯ್ದು, ಗೋಣಿ ತುರುಕಿ, ಒದ್ದೆ ತಾರಸಿಯಲ್ಲಿ ಕೂತು ಕೊಳವೆಗೆ ಕಿವಿ ಒತ್ತಿದ. ಕಣ್ಣು ಮುಚ್ಚಿಕೊಂಡಿದ್ದ. ಹತ್ತು ನಿಮಿಷ ಕಳೆಯಿತು. ಆಮೇಲೆ ತಟ್ಟಿನ ಸದ್ದು ಬಂತು, ಒಂದು. ಅವನು ಇನ್ನೂ ಕಾದ. ಇನ್ನೇನೂ ಬರಲಿಲ್ಲ.

"ಗುಲೂ ಆದ್ರೆ ಸ್ವಲ್ಪ ಎಡಗಡೆ ಹೊಡೀತಿದ್ಲು" ಎಂದ. "ಸದ್ದು ಬೇರೆ."

ಮೂಸುವವರು ಹೊಸಬರು, ಅವರಿಗೆ ತಪ್ಪಿರಬಹುದು ಎಂದು ನಾನೆಂದೆ. ಅವನು ಒಪ್ಪಲಿಲ್ಲ. ತಪ್ಪು ಮೂಗಿನದಾಗಿದ್ದರೂ ಇರಬಹುದು, ಹೊತ್ತಿನದಾಗಿದ್ದರೂ ಇರಬಹುದು, ಯಾವುದೆಂದು ತಿಳಿಯದೆ ಮತ್ತೆ ಎಣ್ಣೆ ಸುರಿದು ಪ್ರಯೋಜನವಿಲ್ಲ ಎಂದ. ದೌಲತ್‌ಬಾಯಿಗೆ ಹೊಸ ಕೆಲಸ ಕೊಟ್ಟ. ವಾಸನೆ ಜೋರಾದ ಕೂಡಲೇ ಕೂಗಬೇಕು, ಅವನು ಗೋಡೆಯ ಕ್ಯಾಲೆಂಡರಿನಲ್ಲಿ ಹೊತ್ತು ಬರೆಯುತ್ತಾನೆ.

ಅಂದಿನಿಂದ ನಮ್ಮ ಮೆಟ್ಟಿಲಲ್ಲಿ ದಿನಕ್ಕೊಮ್ಮೆ ಅವರ ಕೂಗು. "ಬಂತು ಕಣೋ ನಿನ್ನ ಗಟಾರ! ಬರ್ಕೋ!" ಮೂರನೆಯ ಮಹಡಿಯವರು ರೈಲು ಬಂತೇನೋ ಎಂಬಂತೆ ಗಡಿಯಾರ ನೋಡಿಕೊಳ್ಳತೊಡಗಿದರು. ಮಂಗಳವಾರ ಮಧ್ಯಾಹ್ನ ಎರಡೂ ಹತ್ತು. ಬುಧವಾರ ಮೂರು. ಗುರುವಾರ ನಾಲ್ಕಕ್ಕೆ ಹತ್ತು ನಿಮಿಷ ಇದ್ದಾಗ. ಶುಕ್ರವಾರ ನಾಲ್ಕೂ ನಲವತ್ತು.

ಶನಿವಾರ ಜಾಲ್ ಕ್ಯಾಲೆಂಡರ್ ಕಿತ್ತುಕೊಂಡೇ ನನ್ನ ಮನೆಗೆ ಇಳಿದು ಬಂದ.

"ಪೇಸಿ, ದಿನಕ್ಕೆ ಐವತ್ತು ನಿಮಿಷ ಮುಂದೆ ಹೋಗ್ತಾ ಇದೆ. ದಿನಕ್ಕೆ ಐವತ್ತು ನಿಮಿಷ ತಡವಾಗಿ ಬರೋದು ಯಾವುದು?"

ನಾನು ಪತ್ರಿಕೆಯ ಎರಡನೆಯ ಪುಟ ತೆಗೆದೆ. ನಮ್ಮೂರಿನ ಪತ್ರಿಕೆಗಳಲ್ಲಿ ಸಮುದ್ರದ ಉಬ್ಬರ ಇಳಿತದ ಹೊತ್ತು ದಿನವೂ ಬರುತ್ತದೆ. ಅಂದಿನ ಉಬ್ಬರ ಸಂಜೆ ಐದೂವರೆಗೆ. ಐದೂವರೆಗೆ ಸರಿಯಾಗಿ ಮೇಲಿನಿಂದ ದೌಲತ್‌ಬಾಯಿಯ ಕೂಗು ಕೇಳಿತು.

ಜಾಲ್ ಕುರ್ಚಿಯಲ್ಲಿ ಕೂತು ಬಹಳ ದಿನದ ಮೇಲೆ ನಗುತ್ತ ವಿವರಿಸಿದ. ಬೀದಿಯ ಗಟಾರ ಹೋಗಿ ಬೀಳುವುದು ಸಮುದ್ರಕ್ಕೆ. ಉಬ್ಬರದಲ್ಲಿ ಸಮುದ್ರ ಗಟಾರದ ಬಾಯಿ ಮುಚ್ಚುತ್ತದೆ, ನೀರು ಹಿಂದಕ್ಕೆ ಒತ್ತುತ್ತದೆ, ಒಳಗಿನ ಗಾಳಿ ದಾರಿ ಹುಡುಕಿ ಮನೆಗಳ ಕಡೆ ಏರುತ್ತದೆ. ಇಳಿತದಲ್ಲಿ ಕೊಳವೆ ಗಾಳಿಯನ್ನು ಒಳಗೆ ಎಳೆಯುತ್ತದೆ. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಸಮುದ್ರ ಪೂರ್ತಿ ಇಳಿದಿತ್ತು, ಅದಕ್ಕೇ ಪೆಪ್ಪರ್‌ಮಿಂಟ್ ಹೊರಬರಲಿಲ್ಲ. ಅಂದರೆ ಎಲ್ಲೋ ಒಂದು ಬಾಗಿಲು ತೆರೆದಿದೆ. ಅವನು ಕಾಣದ ಬಾಗಿಲು.

"ಮೂವತ್ತೊಂದು ವರ್ಷ ಇರೋ ಮನೆ. ಒಂದೊಂದು ಕೊಳವೇನೂ ನನ್ನ ಕೈಯಲ್ಲಿ ಆಗಿದೆ. ನಂಗೆ ಗೊತ್ತಿಲ್ಲದ ತೂತು ಎಲ್ಲಿಂದ ಬಂತು?" ಎಂದು ನಗು ನಿಲ್ಲಿಸಿದ. "ಅವಳಿದ್ದಿದ್ರೆ ಎರಡು ನಿಮಿಷದ ಕೆಲಸ."

ಸೋಮವಾರದ ಉಬ್ಬರ ಸಂಜೆ ಏಳೂ ಹತ್ತಕ್ಕೆ. ನಮ್ಮ ಮನೆಗಳಲ್ಲಿ ಹೊತ್ತು ಮುಳುಗುವಾಗ ಕೆಂಡದ ಮೇಲೆ ಲೋಬಾನ ಹಾಕಿ ಕೋಣೆ ಕೋಣೆಗೆ ಹೊಗೆ ಹಿಡಿಯುತ್ತಾರೆ. ಗುಲ್ಚೇರ್ ಹೋದಮೇಲೆ ದೌಲತ್‌ಬಾಯಿ ತಮ್ಮ ಮನೆಯದು ಮುಗಿಸಿ, ಅದೇ ಧೂಪದ ಪಾತ್ರೆಯನ್ನು ಜಾಲ್‌ನ ಮನೆಗೂ ತಂದು ಅವಳ ಫೋಟೋದ ಮುಂದೆ ಹಿಡಿಯುತ್ತಿದ್ದರು. ಫೋಟೋ ಇದ್ದದ್ದು ಮುಂದಿನ ಕೋಣೆಗೂ ಅಡುಗೆಮನೆಗೂ ನಡುವಿನ ತಂಪು ಮೂಲೆಯಲ್ಲಿ, ಮೊಣಕಾಲೆತ್ತರದ ಒಂದು ಕಲ್ಲುಕಟ್ಟೆಯ ಮೇಲೆ. ಲೇಸಿನ ಬಟ್ಟೆ ಹಾಸಿ, ಫೋಟೋ ಇಟ್ಟು, ಹಾರ ಹಾಕಿ, ಎಣ್ಣೆದೀಪ ಹಚ್ಚಿಟ್ಟವರೂ ದೌಲತ್‌ಬಾಯಿಯೇ.

ಆ ಸಂಜೆ ಜಾಲ್ ಮತ್ತು ನಾನು ಕೋಣೆಯಲ್ಲಿ ಕೂತಿದ್ದೆವು. ದೌಲತ್‌ಬಾಯಿ ತಲೆಗೆ ಬಿಳಿ ವಸ್ತ್ರ ಕಟ್ಟಿ, ಮಂತ್ರ ಗುನುಗುತ್ತ ಬಂದರು. ಬಾಗಿಲಲ್ಲಿ ಹೊಗೆ ನೆಟ್ಟಗೆ ಏರುತ್ತಿತ್ತು. ಕಿಟಕಿ ಮುಚ್ಚಿತ್ತು, ಪಂಖ ನಿಂತಿತ್ತು. ಫೋಟೋದ ಮುಂದೆ ಪಾತ್ರೆ ಹಿಡಿದ ಕೂಡಲೇ ಹೊಗೆ ತಟ್ಟನೆ ಬಾಗಿ ಅವರ ಮುಖದ ಕಡೆಗೆ ತಿರುಗಿತು. ಅವರು ಕೆಮ್ಮಿ, ಪಾತ್ರೆಯನ್ನು ಇನ್ನೊಮ್ಮೆ ಮುಂದೆ ಚಾಚಿದರು. ಹೊಗೆ ಮತ್ತೆ ಹಿಂದಕ್ಕೆ.

ಅವರು ಪಾತ್ರೆಯನ್ನು ಹಿಂದಕ್ಕೆ ಎಳೆದುಕೊಳ್ಳಹೋದರು. "ಖೋದಾಯ್! ಇವಳು ಬೇಡ ಅಂತಿದ್ದಾಳೆ. ನನ್ನ ಲೋಬಾನ ತಳ್ತಾ ಇದ್ದಾಳೆ, ಜಾಲ್!"

"ಅಲ್ಲಾಡಬೇಡಿ" ಎಂದ ಜಾಲ್. "ಹಾಗೇ ನಿಂತಿರಿ. ಇನ್ನೂ ಕೆಳಗೆ ಹಿಡೀರಿ."

ಅವನು ನೆಲದ ಮೇಲೆ ಬೋರಲು ಮಲಗಿ ನೋಡಿದ. ಹೊಗೆಯನ್ನು ತಳ್ಳುವ ಗಾಳಿ ಲೇಸಿನ ಅಂಚಿನ ಕೆಳಗಿನಿಂದ ಬರುತ್ತಿತ್ತು. ಅಂಚು ತುಸುವೇ ಏರಿ ಇಳಿಯುತ್ತಿತ್ತು, ಉಸಿರಾಡಿದ ಹಾಗೆ. ಅವನು ಎದ್ದು, ತಲೆಗೆ ಟೋಪಿ ಹಾಕಿಕೊಂಡು, ಮೊದಲು ದೀಪವನ್ನೂ ಆಮೇಲೆ ಫೋಟೋವನ್ನೂ ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟ. ಬಟ್ಟೆ ತೆಗೆದ. ಕಲ್ಲಿನ ನಡುವೆ ಗುಂಡಗೆ ಸವೆದ ಒಂದು ತಗ್ಗು. ತಗ್ಗಿನಿಂದ ಬೆರಳಗಲದ ಕಾಲುವೆ. ಕಾಲುವೆಯ ಕೊನೆಗೆ, ಕಟ್ಟೆ ಗೋಡೆಗೆ ತಾಗುವಲ್ಲಿ, ಎಂಟಾಣೆ ಗಾತ್ರದ ತೂತು.

"ಗಡಿಗೆ" ಎಂದ ಜಾಲ್.

ಆ ಕಟ್ಟೆ ಕುಡಿಯುವ ನೀರಿನ ಗಡಿಗೆಯದು. ಗುಲ್ಚೇರ್‌ಳ ಅಜ್ಜನ ಕಾಲದಲ್ಲಿ ಮನೆ ಕಟ್ಟುವಾಗಲೇ ಮಾಡಿದ್ದು. ಅವಳು ಏಳು ವರ್ಷದವಳಿದ್ದಾಗಿನಿಂದ ಬೆಳಿಗ್ಗೆ ಎದ್ದು ಮೊದಲು ಮಾಡುತ್ತಿದ್ದ ಕೆಲಸ ಆ ಗಡಿಗೆ ತುಂಬುವುದು. ಮಣ್ಣಿನ ಗಡಿಗೆ ಬೆವರುತ್ತದೆ. ಬೆವರು ತಗ್ಗಿಗೆ ಇಳಿದು, ಕಾಲುವೆಯಲ್ಲಿ ಹರಿದು, ಹನಿಹನಿಯಾಗಿ ಆ ತೂತಿಗೆ ಬೀಳುತ್ತಿತ್ತು. ತೂತಿನೊಳಗೂ ಒಂದು ಬಾಗಿದ ಕೊಳವೆ, ಅದು ಹೋಗಿ ಸೇರುವುದು ಅದೇ ದೊಡ್ಡ ಕೊಳವೆಗೆ. ಬೇರೆ ಮಹಡಿಗಳವರೆಲ್ಲ ಎಂದೋ ಟೈಲ್ಸ್ ಹಾಕಿ ಅದನ್ನು ಮುಚ್ಚಿದ್ದರು. ಇಲ್ಲಿ ಮುಚ್ಚಿರಲಿಲ್ಲ. ಗಡಿಗೆ ಎತ್ತಿ ಅದರಡಿಯಲ್ಲಿ ಏನಿದೆ ಎಂದು ನೋಡುವ ಕಾರಣ ಮನೆಅಳಿಯನಿಗೆ ಬಂದಿರಲೇ ಇಲ್ಲ. ಎಲ್ಲವೂ ಸರಿಯಾಗಿದ್ದ ಕಡೆ ಪ್ಲಂಬರ್ ನೋಡುವುದಿಲ್ಲ.

ದೌಲತ್‌ಬಾಯಿ ಧೂಪದ ಪಾತ್ರೆ ಹಿಡಿದೇ ನೆಲದ ಮೇಲೆ ಕೂತರು. "ಗಡಿಗೆ ತೆಗೆದದ್ದು ನಾನೇ. ಅವಳು ಹೋದ ದಿನ ನೀರು ಚೆಲ್ಲಿದೆ. 'ನೋಡೋಕಾಗಲ್ಲ, ತಗೊಂಡು ಹೋಗಿ' ಅಂದೆ ನೀನು. ಜಾಗ ಬೋಳಾಗಿ ಕಾಣ್ತು ಅಂತ ಫೋಟೋ ಇಟ್ಟೆ. ಅಯ್ಯೋ, ಗಟಾರದ ಬಾಯಲ್ಲಿ ಇಟ್ಟೆನಲ್ಲೋ ಅವಳನ್ನ!"

"ಮೂಸಿದ ದಿನ ಇಲ್ಲಿ ಬಂದಿರಲಿಲ್ವಾ?"

"ದೀಪದ ಮುಂದೆ ನಾಯಿ ಥರ ಮೂಸ್ತಾರೇನೋ? ದೂರದಿಂದ ಕೈಮುಗಿದೆ. ಗಂಧದ ವಾಸನೆ ಇತ್ತು."

ನಮ್ಮಲ್ಲಿ ಯಾರೇ ಆಗಿದ್ದರೂ ಹಾಗೇ ಮಾಡುತ್ತಿದ್ದೆವು. ಮನೆಯಲ್ಲಿ ಅತ್ಯಂತ ಶುದ್ಧವಾದ ಜಾಗವೆಂದು ನಾವೆಲ್ಲ ದೂರ ನಿಂತ ಜಾಗ ಅದೊಂದೇ. ಜಾಲ್ ತೂತಿಗೆ ಕಡ್ಡಿ ಇಳಿಸಿ ಹೊರತೆಗೆದ. ಕಡ್ಡಿ ಪೂರ್ತಿ ಒಣಗಿತ್ತು. ಎರಡು ಬೆರಳು ನೀರು, ಬೇಸಿಗೆಯಲ್ಲಿ ಆರಿಹೋಗಿತ್ತು.

ಸಿಕ್ಕಿತಲ್ಲ ಎಂದು ನಾನೆಂದೆ. ಅವನು ತಲೆಯಾಡಿಸಿದ. "ಹೊಗೆ ಸುಳಿವು ಅಷ್ಟೇ, ಪುರಾವೆ ಅಲ್ಲ. ಇನ್ನೊಂದು ತೂತು ಇದ್ರೆ? ನಾಳೆ ಬೆಳಿಗ್ಗೆ ಏಳೂ ಮೂವತ್ತೈದಕ್ಕೆ ಉಬ್ಬರ."

ಮಂಗಳವಾರ ಬೆಳಿಗ್ಗೆ ಮತ್ತೆ ತಾರಸಿ. ಎಣ್ಣೆ, ಕುದಿನೀರು, ಗೋಣಿ. ಜಾಲ್ ಕೊಳವೆಗೆ ಕಿವಿ ಒತ್ತಿ ಕಣ್ಣು ಮುಚ್ಚಿದ. ಈ ಸಲ ಹೆಚ್ಚು ಹೊತ್ತಾಗಲಿಲ್ಲ.

ಟಣ್, ಟಣ್.

ಸದ್ದು ತುಸು ಎಡಗಡೆಯಿಂದ ಬಂತು. ಜಾಲ್ ಕಣ್ಣು ತೆರೆಯಲಿಲ್ಲ. ದೌಲತ್‌ಬಾಯಿ ಬೇಕೆಂದೇ ಅಲ್ಲಿ ಹೊಡೆದರೋ, ಕಟ್ಟೆಯ ಮುಂದೆ ಕೂತವರಿಗೆ ಕೊಳವೆ ಕೈಗೆಟುಕುವುದೇ ಆ ಕಡೆಯೋ, ನಾನು ಕೇಳಿಲ್ಲ. ಕೆಲಸ ಮುಗಿದಿತ್ತು, ಗೋಣಿ ತೆಗೆಯಬೇಕಿತ್ತು. ಅವನು ಅಲುಗಾಡಲಿಲ್ಲ. ಕಾಯುತ್ತಿದ್ದಾನೆ ಎಂದು ನನಗೆ ಅರ್ಥವಾಯಿತು, ಏನನ್ನು ಎಂಬುದೂ ಅರ್ಥವಾಯಿತು. ಆದರೆ ಅದನ್ನು ಕೆಳಗಿದ್ದವರಿಗೆ ಯಾರೂ ಹೇಳಿರಲಿಲ್ಲ.

ಕಾಲು ಗಂಟೆ ಕಳೆಯಿತು. ಸಣ್ಣ ಮಳೆ ಶುರುವಾಯಿತು.

ಟಣ್. ಟಣ್. ಟಣ್.

ಕೆಳಗೆ ದೌಲತ್‌ಬಾಯಿ ಕಿಟಕಿಗಳನ್ನೆಲ್ಲ ತೆರೆದು ಚಹಾ ಮಾಡಿಟ್ಟಿದ್ದರು. ಜಾಲ್ ಕಪ್ಪು ಎತ್ತಿ ಮೂಸಿದ, ಕುಡಿದ. ಬರೀ ನಿಂಬೆಹುಲ್ಲು. ಗೋಡೆಯ ಕಡೆ ತಿರುಗಿ ಕೂತು ಪೂರ್ತಿ ಕುಡಿದ.

"ಅತ್ತಿದ್ದು ಸಾಕು" ಎಂದರು ದೌಲತ್‌ಬಾಯಿ, ತಾವೇ ಅಳುತ್ತ. "ಸಿಮೆಂಟ್ ಕಲಸು. ಮುಚ್ಚಿಬಿಡು ದರಿದ್ರದ ತೂತು."

ಅದೇ ಸರಿಯಾದ ರಿಪೇರಿ. ಒಂದು ಹಿಡಿ ಸಿಮೆಂಟು, ಹತ್ತು ನಿಮಿಷ, ಮತ್ತೆಂದೂ ವಾಸನೆಯಿಲ್ಲ. ಬೇರೆ ಯಾರ ಮನೆಯಾದರೂ ಅವನು ಅದನ್ನೇ ಮಾಡುತ್ತಿದ್ದ. ಜಾಲ್ ತಗಡಿನ ಮೇಲೆ ಸಿಮೆಂಟು ಕಲಸಿಯೂ ಕಲಸಿದ. ಕರಣೆ ಹಿಡಿದು ಕಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಕಲ್ಲಿನ ತಗ್ಗಿನ ಮೇಲೆ ಬೆರಳಾಡಿಸಿದ. ಆಮೇಲೆ ಎದ್ದು, ಕಲಸಿದ ಸಿಮೆಂಟನ್ನು ತಂದು ನನ್ನ ಬಚ್ಚಲಿನ ಒಡೆದ ಮೂಲೆಗೆ ಮೆತ್ತಿದ. ಆ ಮೂಲೆ ಸರಿಮಾಡೆಂದು ನಾನು ಕೇಳಿ ಎರಡು ವರ್ಷವಾಗಿತ್ತು.

"ದೌಲತ್‌ಬಾಯಿ, ಗಡಿಗೆ ಎಲ್ಲಿ?" ಎಂದು ಮೇಲೆ ಬಂದು ಕೇಳಿದ.

"ನನ್ನ ಬಾಲ್ಕನೀಲಿ ಬೋರಲು ಹಾಕಿದ್ದೀನಿ. ಯಾಕೆ? ದಿನಾ ಯಾರು ತುಂಬ್ತಾರೆ ಅದನ್ನ?"

"ನಾನು."

"ಒಂದು ದಿನ ಮರೆತ್ರೆ?"

"ಒಂದು ದಿನ ಮರೆತ್ರೆ ಏನಾಗಲ್ಲ. ಎರಡು ತಿಂಗಳು ಮರೆತ್ರೆ ನೀವು ಕೂಗ್ತೀರಲ್ಲ."

ಏಳು ತಿಂಗಳು ಒಣಗಿದ ಗಡಿಗೆ ಮೊದಲ ದಿನ ನೀರನ್ನೆಲ್ಲ ತಾನೇ ಕುಡಿಯಿತು. ಎರಡನೆಯ ದಿನ ಹೊಟ್ಟೆಯ ಮೇಲೆ ತೇವ ಕಂಡಿತು. ಗುರುವಾರ ಕಾಲುವೆಯಲ್ಲಿ ನೀರು ಹರಿದು ಮೊದಲ ಹನಿ ಬಿತ್ತು. ಬಾಗಿದ ಕೊಳವೆಗೆ ಜಾಲ್ ಮೊದಲೇ ಒಂದು ಚೊಂಬು ಹೊಯ್ದು ತುಂಬಿಸಿದ್ದ. ಹನಿಯ ಕೆಲಸ ಅದನ್ನು ಆರದಂತೆ ನೋಡಿಕೊಳ್ಳುವುದಷ್ಟೇ. ಫೋಟೋ ಮುಕ್ತಾದ್ ಮೇಜಿನ ಮೇಲಿನ ಗೋಡೆಗೆ ಹೋಯಿತು.

ಶುಕ್ರವಾರ ಮುಕ್ತಾದ್‌ನ ಮೊದಲ ಬೆಳಗು. ಗುಲ್ಚೇರ್‌ಳ ಹೆಸರು ಕೆತ್ತಿದ ಹೊಸ ಹೂದಾನಿಯಲ್ಲಿ ಗುಲಾಬಿ ತುಂಬಿ, ಹೊಸ್ತಿಲಿಗೆ ರಂಗೋಲಿಯ ಅಚ್ಚು ಒತ್ತಿ ಎಲ್ಲ ಆದಮೇಲೆ ಜಾಲ್ ಬಿಳಿ ಅಂಗರಖಾ ತೊಟ್ಟು ಮೆಟ್ಟಿಲಿಳಿದು ಹೊರಟ. ಎಲ್ಲಿಗೆ ಎಂದು ಕೇಳಿದೆ.

"ಗೇಟಿನವರೆಗೆ. ಹತ್ತು ನಿಮಿಷ ಹೊರಗಿನ ಗಾಳಿ ಕುಡಿದ್ರೆ ಮೂಗು ತೊಳೆದ ಹಾಗಾಗುತ್ತೆ. ಯಾವತ್ತೂ ನಾನು ಸುರಿಯೋನು. ಹೊರಗಿಂದ ಬಂದು ಮೂಸಿದವನಲ್ಲ."

ಹತ್ತು ನಿಮಿಷ ಗಡಿಯಾರ ನೋಡಿಯೇ ತಿರುಗಿ ಬಂದ. ನಾನೂ ಹಿಂದೆಯೇ ಹತ್ತಿದೆ. ಹೊಸ್ತಿಲ ಹೊರಗೆ ನಿಂತು, ಕಣ್ಣು ಮುಚ್ಚಿ, ಮೆಲ್ಲಗೆ ಉಸಿರೆಳೆದ. ಮತ್ತೊಮ್ಮೆ ಎಳೆದ.

"ಏನು ಬಂತು?" ಎಂದೆ.

"ಗುಲಾಬಿ. ಗಂಧ." ಕಣ್ಣು ತೆರೆದು, "ಒದ್ದೆ ಮಣ್ಣು" ಎಂದ. "ಅವಳು ಬೆಳಿಗ್ಗೆ ಬಂದು ಎಬ್ಬಿಸಿದಾಗ ಸೆರಗಿಂದ ಬರ್ತಿತ್ತಲ್ಲ. ನಾನು ಅದು ಅವಳದೇ ವಾಸನೆ ಅಂದ್ಕೊಂಡಿದ್ದೆ."

ಒಳಗಿನಿಂದ ದೌಲತ್‌ಬಾಯಿ ಕೂಗಿದರು. "ಸ್ವಂತ ಮನೆ ಬಾಗಿಲಲ್ಲಿ ನೆಂಟರ ಥರ ಯಾಕೆ ನಿಂತಿದ್ದೀಯ ಅಳಿಯ ಸಾಹೇಬ? ಬಾ ಒಳಗೆ, ದೀಪಕ್ಕೆ ಎಣ್ಣೆ ಹಾಕು."

ಜಾಲ್ ಬಾಗಿಲಿನ ಒಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟು ನಿಂತ.

"ತಡೀರಿ" ಎಂದ. "ಮೊದಲು ಅವಳು ಹೋಗ್ಲಿ."